ಹಸೆ ಚಿತ್ತಾರದ ಪ್ರತಿಗಳೂ ‘ವ್ಯಾಪಾರಕ್ಕಲ್ಲ’ ಎಂಬ ನಿರ್ಬಂಧವೂ

ಸೊರಬ, ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪುಗಳಿಂದ, ಪುಂಡಿನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರಕ್ಕೆ ಬರೆದವಳ ಅಂಕಿತವಿರುವುದಿಲ್ಲ. ಅಂಥದೊಂದನ್ನು ಗಣಕದಲ್ಲಿ ತಿದ್ದಿ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಲೆಂದು ಅಂತರ್ಜಾಲದಲ್ಲಿರಿಸಿ, ‘ವ್ಯಾಪಾರಕ್ಕೆ ಬಳಸಕೂಡದು’ ಎಂದು ವಿಧಿಸುವುದು ಎಷ್ಟರಮಟ್ಟಿಗೆ ನ್ಯಾಯ?

1957ರ ಕೃತಿಸ್ವಾಮ್ಯ ಕಾಯಿದೆ ರಕ್ಷಿಸುವುದು ಸ್ವಂತ ರಚನೆಯನ್ನು. ಪ್ರತಿಕಾರನು ಹೊಸದಾಗಿ ಕೂಡಿಸಿದುದರ ಮೇಲೆ ಅವನಿಗೆ ಹಕ್ಕುಂಟಾಗಬಹುದು. ಪರಂಪರೆಯ ಗೆರೆಗಳ ಮೇಲೆ ಉಂಟಾಗದು. 2002ರಲ್ಲಿ ಹೊರಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳಲ್ಲಿಯೂ ‘ವಾಣಿಜ್ಯೇತರ’ವೆಂಬುದನ್ನು ನಿರ್ಣಯಿಸುವುದು ಬಳಸುವವರ ಅಂತಸ್ತಲ್ಲ, ಬಳಕೆಯ ಉದ್ದೇಶ. ಎಂದಮೇಲೆ, ಆ ಪ್ರತಿಯನ್ನು ನೋಡಿ ಕಲಿತು ಹಾಳೆಯ ಮೇಲೆ ಬರೆದು ಮಾರುವ ಸೊರಬದ ಹುಡುಗಿಯೂ ನಗರದ ಬಟ್ಟೆ ಕಂಪನಿಯೂ ಈ ಒಕ್ಕಣೆಯ ಮುಂದೆ ಒಂದೇ. ಕಂಪನಿಯಾದರೋ ಚಿತ್ರಗಾರನೊಬ್ಬನನ್ನಿಟ್ಟು ಬೇರೆಯದನ್ನೇ ಬರೆಯಿಸಿಕೊಂಡೀತು. ಹುಡುಗಿ ಹೆದರಿ ಕೈಬಿಟ್ಟಾಳು. ಅವಳ ಅಜ್ಜಿಯ ಗೋಡೆಯಿಂದಲೇ ಆ ಗೆರೆಗಳು ಹೋದುವೆಂಬುದನ್ನು ಕೇಳುವವರಾರು?

ನಿಷೇಧಕ್ಕಿಂತ ಮೊದಲು ಸಂಗ್ರಾಹಕರು ಬರೆದವಳ ಒಪ್ಪಿಗೆಯನ್ನು ಪಡೆದು ಅವಳ ಹೆಸರನ್ನೂ ಊರನ್ನೂ ದಾಖಲಿಸಬೇಕು. ಇದು ನಮಗೆ ಹೊಸ ಶಿಸ್ತೇನೂ ಅಲ್ಲ. 1904ರಲ್ಲಿ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ರೈಸರು ಸೊರಬದ ಶಾಸನಗಳನ್ನು ಅವು ದೊರೆತ ಊರುಗಳ ಹೆಸರುಗಳೊಡನೆಯೇ ಅಚ್ಚು ಹಾಕಿಸಿದ್ದಾರೆ.