ಪತ್ರ ಮತ್ತು ಪಾತ್ರತೆ

ಶ್ರೀಮದ್ ರಾಜಚಂದ್ರರು (೧೮೬೭–೧೯೦೧) ಗೃಹಸ್ಥರಾಗಿ, ಮುಂಬಯಿಯಲ್ಲಿ ರತ್ನವ್ಯಾಪಾರ ನಡೆಸುತ್ತಲೇ ಮುಮುಕ್ಷುಗಳಿಗೆ ಬರೆದ ಪತ್ರಗಳು ಮೂಲದಲ್ಲಿ ಗುಜರಾತಿಯವು. ಗುಜರಾತಿ ಅರಿಯದ ಅನೇಕ ಶ್ರಾವಕರು ಅವನ್ನು ಹಿಂದೀ ಅನುವಾದದಲ್ಲಿ ಓದುತ್ತಾರೆ. ಈ ಸಂಗ್ರಹವನ್ನು ವಿಧಿನಿಷೇಧಗಳ ಗ್ರಂಥದಂತೆ ಓದಬೇಕೋ, ಪತ್ರಗಳಂತೆಯೇ ಓದಬೇಕೋ ಎಂಬುದು ವಿಚಾರಾರ್ಹ.

ದಕ್ಷಿಣ ಆಫ್ರಿಕದಲ್ಲಿದ್ದ ಮೋಹನದಾಸ ಗಾಂಧಿಯವರು ೧೮೯೪ರಲ್ಲಿ ೨೭ ಪ್ರಶ್ನೆಗಳನ್ನು ಕಳುಹಿಸಿದರು. ಕಚ್ಚಲು ಬಂದ ಹಾವನ್ನು ಕೊಲ್ಲಬೇಕೋ, ಕಚ್ಚಲು ಬಿಡಬೇಕೋ ಎಂಬುದು ಅವುಗಳಲ್ಲೊಂದು. ಕಚ್ಚಲು ಬಿಡಿರೆಂದು ಹೇಳಲು ಶ್ರೀಮದ್ ಅವರಿಗೆ ಸಂಕೋಚ. ಆದರೆ ದೇಹ ಅನಿತ್ಯವೆಂದು ಬಲ್ಲವನು ಅದರ ರಕ್ಷಣೆಗಾಗಿ ಇನ್ನೊಂದು ಜೀವವನ್ನು ಕೊಲ್ಲುವುದು ಹೇಗೆ ಉಚಿತವಾದೀತು? ಆತ್ಮಹಿತದ ಅಪೇಕ್ಷೆಯಿಲ್ಲದವನು ಕೊಂದಾನು. ಕೊಲ್ಲೆಂಬ ಉಪದೇಶವನ್ನು ಮಾತ್ರ ಅವರು ಕೊಡಲಾರರು. ಇಲ್ಲಿ ಅಹಿಂಸೆ ಸಡಿಲಗೊಂಡಿಲ್ಲ. ಕೇಳುವವನ ಪಾತ್ರತೆಯೂ ಮರೆಯಾಗಿಲ್ಲ. ಇದರಿಂದ ಒಂದು ವಾಕ್ಯವನ್ನು ಕಿತ್ತು ಬಸದಿಯ ಗೋಡೆಯ ಮೇಲೆ ಬರೆಸಿದರೆ ಆ ಸಂಕೋಚ ಅಳಿದು ಆಜ್ಞೆಯಷ್ಟೇ ಉಳಿಯುತ್ತದೆ.

ಎಲ್ಲ ಪತ್ರಗಳೂ ಹೀಗಲ್ಲ. ಆತ್ಮವಿದೆ, ಅದು ನಿತ್ಯ, ಅದೇ ಕರ್ತೃ, ಅದೇ ಭೋಕ್ತೃ, ಮೋಕ್ಷವಿದೆ, ಮೋಕ್ಷೋಪಾಯವಿದೆ ಎಂಬ ಆರು ಪದಗಳ ಪತ್ರ ಸರ್ವರಿಗೂ ಸಲ್ಲುವಂಥದು. ೧೮೯೬ರಲ್ಲಿ ನಡಿಯಾದಿನಲ್ಲಿ ರಚಿತವಾದ, ೧೪೨ ಪದ್ಯಗಳ ‘ಆತ್ಮಸಿದ್ಧಿ ಶಾಸ್ತ್ರ’ದ ವಸ್ತುವೂ ಅದೇ.

ಆದಕಾರಣ ಸ್ವಾಧ್ಯಾಯದಲ್ಲಿ ಪತ್ರವನ್ನು ಯಾರಿಗೆ, ಯಾವಾಗ ಬರೆದದ್ದೆಂದು ಮೊದಲು ತಿಳಿಸಿ, ಅದನ್ನು ಪೂರ್ಣವಾಗಿ ಓದುವುದು ಲೇಸು. ಗುರುವಚನವನ್ನು ಅನ್ಯರ ಮೇಲೆ ಪ್ರಯೋಗಿಸುವುದಕ್ಕಿಂತ ತನ್ನ ಪಾತ್ರತೆಯನ್ನು ತಾನೇ ಪರೀಕ್ಷಿಸಿಕೊಳ್ಳುವುದು ಮಿಗಿಲಾದ ಸ್ವಾಧ್ಯಾಯ.