ಸ್ನೇಹಲತಾ ರೆಡ್ಡಿಯವರ ಜೈಲಿನ ದಿನಚರಿ

1970ರ ‘ಸಂಸ್ಕಾರ’ ಚಿತ್ರದ ಚಂದ್ರಿಯನ್ನು ನೋಡಿದವರು ಮರೆತಿರಲಾರರು. ಆ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ, ಮೀಸಾ ಕಾಯಿದೆಯಡಿ ಸುಮಾರು ಎಂಟು ತಿಂಗಳು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಉಬ್ಬಸದಿಂದ ಜರ್ಜರಿತರಾಗಿ ಪೆರೋಲಿನ ಮೇಲೆ ಹೊರಬಂದವರು ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಇಂಗ್ಲಿಷಿನಲ್ಲಿ ಬರೆದಿಟ್ಟಿದ್ದ ಅವರ ಜೈಲಿನ ದಿನಚರಿ ಅದೇ ವರ್ಷ ಪುಸ್ತಕವಾಗಿ ಬಂದಿತು.

ಇದನ್ನು ತುರ್ತು ಪರಿಸ್ಥಿತಿಯ ದಾಖಲೆಯೆಂದು ಓದುವುದು ವಾಡಿಕೆ. ಆದರೆ ತುರ್ತು ಪರಿಸ್ಥಿತಿ ಮುಗಿಯಿತು, ಜೈಲು ಉಳಿಯಿತು. ಹೊಸದಾಗಿ ಬಂದ ಹೆಂಗಸನ್ನು ಎಲ್ಲರೆದುರು ಬೆತ್ತಲೆ ಮಾಡಿ ಶೋಧಿಸುತ್ತಿದ್ದುದನ್ನು ಲೇಖಕಿ ಬಿಡಿಸಿ ಹೇಳಿದ್ದಾರೆ. ಶಿಕ್ಷೆ ವಿಧಿಸುವುದು ನ್ಯಾಯಾಲಯ; ಈ ಅವಮಾನವನ್ನು ವಿಧಿಸಿದವರು ಯಾರು? ಪುಸ್ತಕದ ನಿಜವಾದ ಪ್ರಶ್ನೆ ಇದೇ.

ಹೆಣ್ಣು ಕೈದಿಗಳನ್ನು ಹೊಡೆಯುವುದನ್ನು ತಾವು ನಿಲ್ಲಿಸಿದೆವೆಂದೂ ಅವರು ಬರೆದಿದ್ದಾರೆ. ಮೆಚ್ಚಬೇಕಾದ ಮಾತು. ಆದರೆ ಕೃತಿಯ ಮಿತಿಯೂ ಇಲ್ಲೇ ಇದೆ. ಆ ಹೆಂಗಸರ ದನಿ ನಮಗೆ ಕೇಳಿಸುವುದು ಲೇಖಕಿಯ ಮೂಲಕವೇ. ಹೆಸರು, ವಿದ್ಯೆ, ಗೆಳೆಯರ ಬಳಗ ಇದ್ದವರು ಪ್ರತಿಭಟಿಸಬಹುದು. ಏನೂ ಇಲ್ಲದವಳಿಗೆ ಯಾರು ದಿಕ್ಕು?

ಕಾನೂನು ಸುಮ್ಮನಿರಲಿಲ್ಲ. 1983ರಲ್ಲಿ ಶೀಲಾ ಬರ್ಸೆಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಹೆಂಗಸರ ಲಾಕಪ್ಪಿಗೆ ಹೆಣ್ಣು ಪೊಲೀಸರ ಕಾವಲಿರಬೇಕೆಂದು ಆದೇಶಿಸಿತು. ಅದೇ ವರ್ಷದ ದಂಡಸಂಹಿತೆಯ ತಿದ್ದುಪಡಿ, ಅಧಿಕಾರ ಬಳಸಿ ಕೈದಿಯನ್ನು ಕೂಟಕ್ಕೆ ಒಲಿಸಿಕೊಳ್ಳುವ ಜೈಲು ಅಧಿಕಾರಿಯನ್ನೂ ಅಪರಾಧಿಯೆಂದಿತು. ಕಾವಲುಗಾರನೆದುರು ಕೈದಿಯ ‘ಒಪ್ಪಿಗೆ’ಗೆ ಅರ್ಥವಿಲ್ಲವೆಂಬ ವಿವೇಕ ಇದರ ಹಿಂದಿದೆ.

ಹೆಣ್ಣಿಗೆ ಹೆಣ್ಣೇ ಕಾವಲಾದರೆ ಸಾಕೇ? ಯೆರವಡಾ ಜೈಲಿನಿಂದ ಮುಂಬಯಿಯ ಬೈಕುಲ್ಲಾ ಜೈಲಿಗೆ ವರ್ಗವಾಗಿದ್ದ ಕೈದಿಯೊಬ್ಬಳು 2017ರ ಜೂನ್‌ನಲ್ಲಿ, ಎರಡು ಮೊಟ್ಟೆ, ಐದು ಪಾವ್ ಕಡಿಮೆ ಬಂದಿವೆಯೆಂದು ದೂರಿದ ಬಳಿಕ ಏಟು ತಿಂದು ಸತ್ತಳು. ಲೈಂಗಿಕ ಹಿಂಸೆಯೂ ನಡೆಯಿತೆಂದು ಸಹಕೈದಿ ಆರೋಪಿಸಿದಳು. ಕೊಲೆಯ ಆರೋಪ ಹೊತ್ತ ಆರು ಮಂದಿ ಸಿಬ್ಬಂದಿಯೂ ಹೆಂಗಸರೇ. ಬೀಗದ ಕೈ ಹಿಡಿದವರು ಯಾರೇ ಆಗಲಿ, ದೂರು ಅವರ ಕೈ ದಾಟಿ ಹೊರಗೆ ಹೋಗಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರ, ಸೆಷನ್ಸ್ ನ್ಯಾಯಾಧೀಶರ ಉಸ್ತುವಾರಿಯಲ್ಲಿ ಜೈಲುಗಳಲ್ಲಿ ದೂರುಪೆಟ್ಟಿಗೆ ಇರಬೇಕೆಂದು ಸುಪ್ರೀಂ ಕೋರ್ಟು 1979ರಲ್ಲೇ ಸುನಿಲ್ ಬಾತ್ರಾ ತೀರ್ಪಿನಲ್ಲಿ ಹೇಳಿತ್ತು.

ಖರಾಡಿಯಿಂದ ನಗರ ರಸ್ತೆ ಹಿಡಿದು ಪುಣೆ ಪೇಟೆಗೆ ಹೋಗುವ ನಾವು ಯೆರವಡಾ ದಾಟಿಯೇ ಹೋಗುತ್ತೇವೆ. ಹೊಟ್ಟೆಪಾಡಿಗೆ ಬಂದು, ಮರಾಠಿ ಬಾರದೆ, ಒಳಗೆ ಸಿಕ್ಕಿಬಿದ್ದ ಕನ್ನಡದ ಹೆಣ್ಣುಮಗಳೊಬ್ಬಳಿದ್ದರೆ ಆ ಪೆಟ್ಟಿಗೆಗೆ ಚೀಟಿ ಬರೆದುಕೊಡುವವರು ಯಾರು? ಸ್ನೇಹಲತಾ ಅವರ ಪುಸ್ತಕವನ್ನು ಈ ಪ್ರಶ್ನೆಯೊಂದಿಗೆ ಓದಬೇಕು.