ಕಡ್ಡಿ ಕಾಲು, ಜಾರಿದ ಬೆಲ್ಟು

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯಲ್ಲಿ ಬೆಳಗಿನ ಸುತ್ತು ಹಾಕುವವರ ಪೈಕಿ ನನ್ನ ಕಣ್ಣು ಮೊದಲು ಹೋಗುವುದು ಕೈಕಾಲು ಕಡ್ಡಿಯಾಗಿದ್ದು, ಬೆಲ್ಟು ಹೊಟ್ಟೆಯ ಕೆಳಗೆ ಜಾರಿರುವವರ ಕಡೆಗೆ. ‘ಮದುವೆಯಾದಾಗ ಇದ್ದಷ್ಟೇ ತೂಕ ಇದೀನಿ ಸಾರ್’ ಅನ್ನುತ್ತಾರೆ. ಇರಬಹುದು. ಆದರೆ ತೊಡೆಯ ಮಾಂಸ ಎಷ್ಟು ಕರಗಿತು, ಹೊಟ್ಟೆಯೊಳಗೆ ಕೊಬ್ಬು ಎಷ್ಟು ಸೇರಿತು ಎಂಬ ಲೆಕ್ಕ ತೂಕದ ಯಂತ್ರಕ್ಕೆ ತಿಳಿಯದು.

ಪುಣೆಯ ಡಾ. ಚಿತ್ತರಂಜನ್ ಯಾಜ್ನಿಕ್ ಇದನ್ನು ತಮ್ಮ ಮೈಯನ್ನೇ ಮುಂದಿಟ್ಟು ತೋರಿಸಿದರು. 2004ರ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಅವರ ಚಿತ್ರ, ಪಕ್ಕದಲ್ಲಿ ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ನಮ್ಮವರಿಗೆ ಶೇ 21.2!

ಇನ್ಸುಲಿನ್ ಕರೆದಾಗ ರಕ್ತದ ಸಕ್ಕರೆಯನ್ನು ಹೆಚ್ಚಾಗಿ ಒಳಗೆ ಬಿಟ್ಟುಕೊಳ್ಳುವುದು ಮಾಂಸಖಂಡ. ಅಲ್ಲಿ, ಲಿವರ್‌ನಲ್ಲಿ ಕೊಬ್ಬು ಕೂತರೆ ಎಷ್ಟು ತಟ್ಟಿದರೂ ಬಾಗಿಲು ತೆಗೆಯದ ಮನೆಯ ಹಾಗೆ; ಇದೇ ಇನ್ಸುಲಿನ್ ಪ್ರತಿರೋಧ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿದು ಹೇಗೋ ಸಂಭಾಳಿಸುತ್ತದೆ. ಹಾಗಾಗಿ ವರ್ಷಗಟ್ಟಲೆ ಶುಗರ್ ರಿಪೋರ್ಟು ನಾರ್ಮಲ್ ಬರುತ್ತದೆ, ನಾವೂ ಆರಾಮಾಗಿರುತ್ತೇವೆ.

ಅದಕ್ಕೇ ರಿಪೋರ್ಟನ್ನಷ್ಟೇ ನಂಬದೆ ದರ್ಜಿಯ ಟೇಪು ಹಿಡಿಯಿರಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರ. (ಹೊಟ್ಟೆ ಒಳಗೆ ಎಳೆದುಕೊಳ್ಳುವಂತಿಲ್ಲ!) ಅಪ್ಪ ಅಮ್ಮನಿಗೆ ಶುಗರ್ ಇದ್ದವರು, ಬಸುರಿಯಾಗಿದ್ದಾಗ ಶುಗರ್ ಬಂದವರು, ಪಿಸಿಒಡಿ ಅಥವಾ ಫ್ಯಾಟಿ ಲಿವರ್ ಇರುವವರು ಇನ್ನೂ ಹುಷಾರಾಗಿರಬೇಕು. ಮಗಳ ಕತ್ತಿನ ಹಿಂದಿನ ಕಪ್ಪನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕುವ ತಾಯಂದಿರಿದ್ದಾರೆ. ವೆಲ್ವೆಟ್ಟಿನಂತೆ ದಪ್ಪಗಾದ ಆ ಕಪ್ಪು ಹಲವು ಸಲ ಇನ್ಸುಲಿನ್ ಪ್ರತಿರೋಧದ ಗುರುತು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ಬಸುರಿನಲ್ಲಿ ಶುಗರ್ ಇದ್ದ ತಾಯಂದಿರ ಮಕ್ಕಳಿಗೆ ಹತ್ತು ತುಂಬುವ ಮೊದಲೇ ಈ ಪ್ರತಿರೋಧ ಹೆಚ್ಚು ಕಂಡಿತು.

ಇನ್ನು ನಡಿಗೆಯ ಮಾತು. ದುಡಿಯುವ ಕಾಲು ಇನ್ಸುಲಿನ್ನಿನ ಹಂಗಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಅದಕ್ಕೇ ಊಟದ ಮೇಲಿನ ಹದಿನೈದು ನಿಮಿಷಕ್ಕೆ ನನ್ನ ಓಟು. ವಾರಕ್ಕೊಮ್ಮೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದರೆ ತೊಡೆಗೂ ಕೆಲಸ. ಶುಗರ್ ಇಳಿಸುವ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಹೊರಡಿ. ಕೆರೆ ಸುತ್ತಿ, ಮಸಾಲೆ ದೋಸೆ ಹೊಡೆದು, ಸ್ಕೂಟರ್ ಹತ್ತುವ ಗೆಳೆಯರಿಗೆ ಒಂದು ಸಲಹೆ: ದೋಸೆ ಇರಲಿ, ಸ್ಕೂಟರ್ ಮನೆಯಲ್ಲೇ ಬಿಟ್ಟು ಬನ್ನಿ.